ಚರ್ಮವು ನೀಡುವ ಎಚ್ಚರಿಕೆ

ಹೃದ್ರೋಗವು ಬಹುಮಟ್ಟಿಗೆ ಸದ್ದಿಲ್ಲದೆ ಬೆಳೆಯುವ ವ್ಯಾಧಿ. ಆದರೆ ಕೆಲವು ಮನೆತನಗಳಲ್ಲಿ ಅದರ ಮುನ್ಸೂಚನೆಯು ಚರ್ಮದ ಮೇಲೆಯೇ ಕಾಣಬರುತ್ತದೆ. ಮೊಣಕೈ, ಮೊಣಕಾಲುಗಳ ಮೇಲೆ ಹಳದಿ ಬಣ್ಣದ ಗಂಟುಗಳು ಏಳುತ್ತವೆ. ಹಿಮ್ಮಡಿಯ ಮೇಲಣ ಸ್ನಾಯುರಜ್ಜು ದಪ್ಪವಾಗುತ್ತದೆ. ಇವನ್ನು ವೈದ್ಯರು ‘ಕ್ಸಾಂಥೋಮ’ ಎನ್ನುವರು. ಗ್ರೀಕ್ ಭಾಷೆಯಲ್ಲಿ ‘ಕ್ಸಾಂಥೋಸ್’ ಎಂದರೆ ಹಳದಿ. ಈ ಗಂಟುಗಳು ಸಾಮಾನ್ಯವಾಗಿ ನೋಯುವುದಿಲ್ಲ. ಆದುದರಿಂದಲೇ ಜನರು ಅವನ್ನು ಉಪೇಕ್ಷಿಸುವುದುಂಟು.

ಗಂಟುಗಳಲ್ಲಿ ತುಂಬಿರುವುದು ಕೊಲೆಸ್ಟರಾಲ್ ಎಂಬ ಮೇದೋವಸ್ತು. ಅದು ದೇಹಕ್ಕೆ ಬೇಡವಾದುದಲ್ಲ. ಜೀವಕೋಶಗಳ ಹೊರಪೊರೆಗೂ ಪಿತ್ತರಸದ ತಯಾರಿಕೆಗೂ ಅದು ಅವಶ್ಯಕ. ರಕ್ತದಲ್ಲಿ ಹರಿಯುವ ಕೊಲೆಸ್ಟರಾಲನ್ನು ಯಕೃತ್ತಿನ ಜೀವಕೋಶಗಳು ತಮ್ಮ ಮೇಲ್ಮೈಯಲ್ಲಿರುವ ‘ಗ್ರಾಹಕ’ಗಳಿಂದ ಹಿಡಿದು ಒಳಕ್ಕೆ ಸೆಳೆದುಕೊಳ್ಳುತ್ತವೆ. ಗ್ರಾಹಕವನ್ನು ರೂಪಿಸುವ ವಂಶವಾಹಿಯಲ್ಲಿ ದೋಷವಿದ್ದರೆ ಕೊಲೆಸ್ಟರಾಲ್ ರಕ್ತದಲ್ಲಿಯೇ ಉಳಿದು, ಚರ್ಮದಲ್ಲಿಯೂ ರಜ್ಜುಗಳಲ್ಲಿಯೂ ಶೇಖರವಾಗುತ್ತದೆ. ಹೃದಯಕ್ಕೆ ರಕ್ತವನ್ನೊಯ್ಯುವ ಅಪಧಮನಿಗಳ ಗೋಡೆಗಳಲ್ಲಿಯೂ ಇದೇ ಸಂಚಯ ನಡೆಯುತ್ತದೆ. ಅಪಾಯವಿರುವುದು ಅಲ್ಲಿಯೇ.

ಈ ಗಂಟುಗಳಿಗೂ ಹೃದ್ರೋಗಕ್ಕೂ ಇರುವ ಅನುವಂಶಿಕ ಸಂಬಂಧವನ್ನು ನಾರ್ವೆಯ ವೈದ್ಯ ಕಾರ್ಲ್ ಮುಲ್ಲರ್ 1938ರಲ್ಲಿ ವಿವರಿಸಿದನು. ಗ್ರಾಹಕಗಳ ರಹಸ್ಯವನ್ನು 1970ರ ದಶಕದಲ್ಲಿ ಅಮೆರಿಕದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಭೇದಿಸಿದರು. ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ತಂದೆತಾಯಿಗಳಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಇಬ್ಬರಿಂದಲೂ ದೋಷವನ್ನು ಪಡೆದ ಮಗುವಿನಲ್ಲಿ ಗಂಟುಗಳು ಎಳವೆಯಲ್ಲಿಯೇ ಮೂಡುತ್ತವೆ. ಹೃದಯಾಘಾತವು ಬಾಲ್ಯದಲ್ಲಿಯೇ ಒದಗಬಹುದು. ಅಂಥ ಆರು ವರ್ಷದ ಬಾಲಕಿಯೊಬ್ಬಳಿಗೆ 1984ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಹೃದಯ ಮತ್ತು ಯಕೃತ್ತುಗಳೆರಡನ್ನೂ ಬದಲಿಸಲಾಯಿತು. ಹೊಸ ಯಕೃತ್ತಿನ ಗ್ರಾಹಕಗಳು ಕೆಲಸಕ್ಕೆ ತೊಡಗಿದೊಡನೆ ಅವಳ ರಕ್ತದ ಕೊಲೆಸ್ಟರಾಲ್ ಬಹಳವಾಗಿ ಇಳಿಯಿತು. ದೋಷದ ಮೂಲವು ಎಲ್ಲಿದೆ ಎಂಬುದಕ್ಕೆ ಇದೇ ಸಾಕ್ಷಿಯಾಯಿತು. ಆ ಬಾಲಕಿ 1990ರವರೆಗೆ ಬದುಕಿದಳು.

ರೆಪ್ಪೆಯ ಮೇಲಿನ ಹಳದಿ ಮಚ್ಚೆಯೂ ಕರಿಗುಡ್ಡೆಯ ಅಂಚಿನ ಬಿಳಿಯ ಉಂಗುರವೂ ಕೆಲವೊಮ್ಮೆ ಇದೇ ಸೂಚನೆಯನ್ನು ನೀಡುತ್ತವೆ. ಆದರೆ ಇವು ಕೊಲೆಸ್ಟರಾಲ್ ಹೆಚ್ಚಿಲ್ಲದವರಲ್ಲಿಯೂ ಇರಬಹುದು; ಬಿಳಿಯ ಉಂಗುರವು ವೃದ್ಧರಲ್ಲಿ ಸಹಜ. ಅಂತೆಯೇ ದೋಷವುಳ್ಳ ಎಲ್ಲರಲ್ಲಿಯೂ ಚರ್ಮದ ಗುರುತು ಮೂಡುವುದಿಲ್ಲ. ನಿರ್ಣಯವನ್ನು ರಕ್ತಪರೀಕ್ಷೆಯೇ ಹೇಳಬೇಕು. ಒಬ್ಬರಲ್ಲಿ ದೋಷವು ಖಚಿತವಾದರೆ ಅವರ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯಕ. ಗಂಟನ್ನು ಕತ್ತರಿಸಿ ತೆಗೆದ ಮಾತ್ರಕ್ಕೆ ರೋಗವು ಹೋಗದು. ಸ್ಟ್ಯಾಟಿನ್ ಮುಂತಾದ ಔಷಧಿಗಳನ್ನು ಕಾಲಕ್ಕೆ ಸರಿಯಾಗಿ ಆರಂಭಿಸಿದರೆ, ತಂದೆಗೆ ಒದಗಿದ ವಿಪತ್ತು ಮಗನಿಗೂ ಒದಗದಂತೆ ತಡೆಯಲು ಸಾಧ್ಯ.