ಹಳೆ ಬಾಗಿಲಿಗೆ ಎರಡು ಬೆಲೆ

ಹೊಸಪೇಟೆಯಲ್ಲಿ ಹಳೆ ಬಾಗಿಲಿಗೆ ಎರಡು ಬೆಲೆ ಇದೆ. ಗುಜರಿ ಅಂಗಳದಲ್ಲಿ ತುಕ್ಕು ಹಿಡಿದ ಕೂಲರ್, ಮುರಿದ ಸೈಕಲ್ಲುಗಳ ಪಕ್ಕ ಒರಗಿ ನಿಂತಿದ್ದರೆ ಅದು ಕಿಲೋ ಲೆಕ್ಕದ ಕಟ್ಟಿಗೆ. ಅದನ್ನೇ ತೊಳೆದು, ಎಣ್ಣೆ ಒರೆಸಿ, ಹಂಪಿ ನೋಡಲು ಬಂದವರ ಕಣ್ಣಿಗೆ ಬೀಳುವಂತೆ ಹಳದಿ ದೀಪದ ಕೆಳಗೆ ನಿಲ್ಲಿಸಿದರೆ ‘ಆಂಟಿಕ್’. ಅಲ್ಲಿ ತಕ್ಕಡಿಯ ಮಾತೇ ಇಲ್ಲ. ಎಷ್ಟು ವರ್ಷದ್ದು, ಯಾವ ಗೌಡರ ಮನೆಯದು ಎಂಬ ಕಥೆಯ ಮೇಲೆ ಬೆಲೆ. ಚಿತ್ತವಾಡ್ಗಿಯ ನಮ್ಮ ಮನೆಯ ಮೇಜು, ದಿವಾನ, ಗೋಡೆಯ ಹಲಗೆಗಳು, ಹಿತ್ತಲ ಕಟ್ಟೆಯ ಕಲ್ಲು ಎಲ್ಲ ಮೊದಲನೇ ಬೆಲೆಗೆ ಬಂದಂಥವು. ನೋಡಿದ ನೆಂಟರು ‘ರೆಸಾರ್ಟ್ ಇದ್ದಂಗ ಐತಲ್ರಿ’ ಅನ್ನುತ್ತಾರೆ, ಮರುಗಳಿಗೆಗೆ ‘ಎಷ್ಟು ಉಳೀತು?’ ಎಂದು ಕೇಳುತ್ತಾರೆ. ಉಳಿದಿದೆ. ಆದರೆ ಅವರು ಅಂದುಕೊಂಡ ಜಾಗದಲ್ಲಿ ಅಲ್ಲ.

ಈ ಕಟ್ಟಿಗೆ ಎಲ್ಲಿಂದ ಬರುತ್ತದೆ ಅಂತ ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಕಂಪ್ಲಿ, ಸಂಡೂರು, ಕಮಲಾಪುರ, ಎಲ್ಲ ಕಡೆ ಹಳೆಯದೆಂದರೆ ಮಾಳಿಗೆ ಮನೆ: ಕಲ್ಲು ಮಣ್ಣಿನ ದಪ್ಪ ಗೋಡೆ, ಒಳಗೆ ಮರದ ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಹಲಗೆ, ಕೊನೆಗೆ ಅಡಿಗಟ್ಟಲೆ ಮಣ್ಣು. ಅಣ್ಣತಮ್ಮಂದಿರು ಪಾಲಾದರೆ, ಮಗನಿಗೆ ಮದುವೆ ಗೊತ್ತಾದರೆ, ಎರಡು ಮಳೆಗಾಲ ಮಾಳಿಗೆ ಸೋರಿದರೆ ಜೆಸಿಬಿ ಬರುತ್ತದೆ. ಆರ್‌ಸಿಸಿ ಮನೆಗೆ ತೊಲೆಯ ಕೆಲಸವಿಲ್ಲ. ಮನೆಯವರಿಗೆ ಜಾಗ ಖಾಲಿ ಆಗಬೇಕು, ಅದೂ ಈ ವಾರವೇ. ಕಟ್ಟಿಗೆಯನ್ನು ಅಗ್ಗ ಮಾಡುವುದು ಆ ಅವಸರ. ಅದರ ವಯಸ್ಸಲ್ಲ.

ಬಿಚ್ಚಿದ್ದನ್ನು ಮತ್ತೆ ಕಟ್ಟುವುದು ಇಲ್ಲಿ ಹೊಸ ಶೋಕಿಯೂ ಅಲ್ಲ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತಿತು. ನಾರಾಯಣದೇವರಕೆರೆ ಮುಳುಗಿತು, ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ನೆಲೆಯಾದರು. ನಮ್ಮ ತಾಯಿಯ ತವರು ಆ ಕಡೆಯದು. ಮನೆ ಬಿಡುವಾಗ ಕಂಬ, ತೊಲೆ, ಹೊಸ್ತಿಲು ಬಿಚ್ಚಿ ಬಂಡಿಗೆ ಹೇರಿಕೊಂಡು ಬಂದರಂತೆ. ಪಾತ್ರೆಗಿಂತ ಮುಂಚೆ ಹೇರಿದ್ದು ತೊಲೆ. ಆಗ ಅದಕ್ಕೆ ‘ರಸ್ಟಿಕ್’ ಎಂದು ಯಾರೂ ಹೆಸರಿಡಲಿಲ್ಲ. ಹೊಸ ಊರಿನಲ್ಲಿ ಹೊಸ ತೊಲೆ ಕೊಳ್ಳಲು ದುಡ್ಡಿರಲಿಲ್ಲ, ಅಷ್ಟೇ.

ಇನ್ನು ಲೆಕ್ಕ. ಹಳೆ ಕಟ್ಟಿಗೆ ಮೂರು ಥರ ಮಾರುತ್ತಾರೆ: ತೂಕಕ್ಕೆ, ಘನ ಅಡಿಗೆ, ‘ಒಟ್ಟಿಗೆ ತಗೊಂಡು ಹೋಗ್ರಿ’ ಎಂದು ಅಂದಾಜಿಗೆ. ಮೂರನೆಯದರಲ್ಲಿ ಹೊಸಬರು ತಬ್ಬಿಬ್ಬಾಗುತ್ತಾರೆ, ಕಾರಣ ಅಂದಾಜು ಮಾಡುವವನಿಗೆ ಅಂದಾಜು ಗೊತ್ತಿರುತ್ತದೆ. ಟೇಪು ಜೇಬಿನಲ್ಲಿರಲಿ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಅಳೆದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. 7 ಅಡಿ ಉದ್ದದ, 6 ಇಂಚು ಅಗಲ, 4 ಇಂಚು ದಪ್ಪದ ಚೌಕಟ್ಟಿನ ಮರ 1.17 ಘನ ಅಡಿ ಆಗುತ್ತದೆ. ಒಣಗಿದ ತೇಗ ಘನ ಅಡಿಗೆ ಸುಮಾರು 18 ಕಿಲೋ ತೂಗುತ್ತದೆ. ಜಾಲಿ, ಬೇವು ಅದಕ್ಕಿಂತ ಭಾರ. ಅಂದರೆ ಎಲ್ಲ ಮರಕ್ಕೂ ಒಂದೇ ಕಿಲೋ ದರ ಹೇಳುವ ಅಂಗಳದಲ್ಲಿ ಒಳ್ಳೆಯ ಮರವೇ ಅಗ್ಗ! ಕಿಲೋಗೆ 35 ರೂಪಾಯಿಯಂತೆ ತೇಗ ಸಿಕ್ಕರೆ ಘನ ಅಡಿಗೆ 630 ರೂಪಾಯಿ ಬಿತ್ತು. ಟಿಂಬರ್ ಡಿಪೊದಲ್ಲಿ ಹೊಸ ತೇಗದ ದರ ಕೇಳಿ ಬಂದವರಿಗೆ ಇದರ ರುಚಿ ಗೊತ್ತಾಗುತ್ತದೆ. ಬಣ್ಣ ಬಳಿದ ಮರ ಯಾವುದೆಂದು ತಿಳಿಯದಿದ್ದರೆ ಮೂಲೆಯಲ್ಲಿ ಚಾಕುವಿನಿಂದ ಸ್ವಲ್ಪ ಹೆರೆದು ನೋಡಬೇಕು. ತೇಗದ ಹೊಂಬಣ್ಣ, ಎಣ್ಣೆಯ ವಾಸನೆ ಮರೆಮಾಚಲು ಬರುವುದಿಲ್ಲ. ಹೆರೆಯಲು ಬಿಡದ ವ್ಯಾಪಾರಿಯ ಹತ್ತಿರ ನಾನು ಕೊಳ್ಳುವುದಿಲ್ಲ.

ಆದರೆ ಮರದ ಬೆಲೆ ಇಡೀ ಬೆಲೆಯಲ್ಲ. ನಡುಮನೆಯ ಮೇಜಿನ ಖರ್ಚು ನನ್ನ ಡೈರಿಯಲ್ಲಿ ಹೀಗಿದೆ: ಬೇವಿನ ಜೋಡಿ ಬಾಗಿಲು 40 ಕಿಲೋ, 1,400 ರೂಪಾಯಿ. ಗೂಡ್ಸ್ ಆಟೊ ಬಾಡಿಗೆ 400. ಬಡಗಿಯ ಕೂಲಿ 1,500. ಉಪ್ಪುಕಾಗದ, ಸ್ಕ್ರೂ, ಬಿಳಿಗಾರ, ಅಗಸೆ ಎಣ್ಣೆ ಸೇರಿ 650. ಒಟ್ಟು 3,950. ಬಾಗಿಲಿನ ಪಾಲು ಮೂರನೇ ಒಂದಕ್ಕಿಂತ ತುಸು ಹೆಚ್ಚು ಅಷ್ಟೇ. ಉಳಿದದ್ದೆಲ್ಲ ಕೈಕೆಲಸ, ಸಾಗಾಟ. ಇದೇ ಅಳತೆಯ ಪಾರ್ಟಿಕಲ್ ಬೋರ್ಡ್ ಮೇಜಿಗೆ ಅಂಗಡಿಯಲ್ಲಿ 5,500 ಹೇಳಿದ್ದರು, ಹಂಪಿ ಕಡೆಯ ಒಂದು ಅಂಗಡಿಯಲ್ಲಿ ಇಂಥದ್ದೇ ಬಾಗಿಲು ಮೇಜಿಗೆ 18,000. ಯಾವುದರ ಜತೆ ಹೋಲಿಸಿ ‘ಉಳಿಯಿತು’ ಅನ್ನುತ್ತೀರಿ ಎಂಬುದರಲ್ಲಿ ಇರುವುದು ಆಟ. 18,000ದ ಮೇಜನ್ನು ನಾನು ಯಾವ ಜನ್ಮದಲ್ಲೂ ಕೊಳ್ಳುತ್ತಿರಲಿಲ್ಲ, ಹಾಗಾಗಿ ಹದಿನಾಲ್ಕು ಸಾವಿರ ಉಳಿಸಿದೆ ಅಂತ ಬೀಗುವುದು ಸುಳ್ಳು ಲೆಕ್ಕ. ಉಳಿದದ್ದು 1,550 ರೂಪಾಯಿ. ಅದರಲ್ಲೂ ನಾನು ಭಾನುವಾರಗಳಂದು ಕೂತು ಉಜ್ಜಿದ್ದಕ್ಕೆ ಕೂಲಿ ಹಾಕಿಕೊಂಡಿಲ್ಲ.

ಹಾಗಾದರೆ ಲಾಭ ಎಲ್ಲಿ? ಬಾಳಿಕೆಯಲ್ಲಿ. ಪಾರ್ಟಿಕಲ್ ಬೋರ್ಡು ಒಮ್ಮೆ ನೀರು ಕುಡಿದರೆ ಊದಿಕೊಂಡಿತು, ಸ್ಕ್ರೂ ಹಿಡಿಯುವುದಿಲ್ಲ, ಮಾರಲು ಹೋದರೆ ಗುಜರಿಯವನೂ ಒಲ್ಲೆ ಅನ್ನುತ್ತಾನೆ. ಬೇವಿನ ಬಾಗಿಲನ್ನು ನಾಳೆ ಬೇಡ ಅನಿಸಿದರೆ ಹೆಚ್ಚುಕಡಿಮೆ ಕೊಂಡ ದರಕ್ಕೇ ತೂಗಿ ಕೊಡಬಹುದು. ಸೋಫಾ ಸೆಟ್ಟನ್ನು ಕಂತಿನಲ್ಲಿ ತರುವವರು ಈ ಮರುಮಾರಾಟದ ಬೆಲೆಯನ್ನು ಒಂದು ಸಲವಾದರೂ ಕೇಳಿ ನೋಡಲಿ.

ಆಂಟಿಕ್ ಅಂಗಡಿಯವರು ಮೋಸಗಾರರು ಅಂತ ನನ್ನ ಮಾತಲ್ಲ. ಊರೂರು ಅಲೆದು, ಬಿಚ್ಚಿಸಿ, ಹೊತ್ತು ತಂದು, ಗಿರಾಕಿ ಬರುವ ತನಕ ಬಾಡಿಗೆ ಕಟ್ಟುತ್ತಾ ಕೂರುವುದಕ್ಕೂ ಬೆಲೆಯಿದೆ. ಅಲೆಯಲು ಪುರಸೊತ್ತು ಇಲ್ಲದವರು ಅಲ್ಲೇ ಕೊಳ್ಳಲಿ. ಆದರೆ ಅದು ವ್ಯಾಪಾರಿಯ ಶ್ರಮಕ್ಕೆ ಕೊಟ್ಟ ದುಡ್ಡು, ‘ಹೂಡಿಕೆ’ ಅಲ್ಲ.

ಬಡಗಿಗಳು ಹಳೆ ಮರ ಅಂದರೆ ಮುಖ ಸಿಂಡರಿಸುವುದಕ್ಕೆ ಕಾರಣ ಮೊಳೆ. ತೊಲೆಯೊಳಗೆ ತಲೆ ಮುರಿದು ಕೂತ ಒಂದು ಮೊಳೆ ಸಾಕು, ಪ್ಲೇನರ್ ಬ್ಲೇಡು ಹೋಯಿತು, ಅದರ ಬೆಲೆ ನಿಮ್ಮ ಕೂಲಿಗೆ ಸೇರಿತು. ಕೆಟ್ಟುಹೋದ ಸ್ಪೀಕರಿನ ಹಿಂಬದಿಯ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ಆಡಿಸಿದರೆ ಮೊಳೆ ಇದ್ದಲ್ಲಿ ಎಳೆಯುತ್ತದೆ. ಬಡಗಿ ಬರುವ ಹಿಂದಿನ ದಿನ ಈ ಕೆಲಸ ಮುಗಿಸಿಟ್ಟರೆ ಅವನ ಮುಖವೂ ಸಡಿಲ, ಕೂಲಿಯೂ ಸಡಿಲ. ಹುಳಕ್ಕೆ ಬಿಳಿಗಾರ ಮತ್ತು ಬೋರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ಎರಡು ಸಲ ಬಳಿದು ಒಣಗಿಸಬೇಕು. ಅಂಗಡಿಯ ಬಣ್ಣಬಣ್ಣದ ಡಬ್ಬಿಗಿಂತ ಅಗ್ಗ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ. ಅದು ತಾನೇ ಕಾದು ಹೊತ್ತಿಕೊಳ್ಳಬಲ್ಲದು. ಹೊರಗೆ ಗಾಳಿಯಲ್ಲಿ ಹರಡಿ ಒಣಗಿಸಿ ಆಮೇಲೆ ಬಿಸಾಡಿ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಹಳೆ ಬಣ್ಣದ ಬಗ್ಗೆ. ಸಿಪ್ಪೆ ಏಳುತ್ತಿರುವ ಹಸಿರು, ನೀಲಿ ಬಣ್ಣವೇ ಈಗಿನ ಫ್ಯಾಶನ್ನು, ಅದನ್ನು ಹಾಗೇ ಉಳಿಸಿ ಅನ್ನುವವರಿದ್ದಾರೆ. ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಾಗಿಲಿಗೆ ಬಳಿದ ಬಣ್ಣದಲ್ಲಿ ಏನಿದೆಯೋ ಯಾರು ಕಂಡರು? ಒಣಗಿದ್ದನ್ನು ಮೆಷಿನ್ ಹಚ್ಚಿ ಉಜ್ಜಿದರೆ ಧೂಳೆಲ್ಲ ಮನೆಯೊಳಗೆ, ಮಕ್ಕಳ ಕೈಯಿಂದ ಬಾಯಿಗೆ. ನೀರು ಚಿಮುಕಿಸಿ, ಹೊರಗೆ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಹೆರೆಯಬೇಕು. ಸಣ್ಣ ಮಕ್ಕಳಿರುವ ಮನೆಗೆ ಬಣ್ಣದ ಬಾಗಿಲು ಎಷ್ಟು ಅಗ್ಗವಾದರೂ ಬೇಡ. ಆಸ್ಪತ್ರೆಯ ಬಿಲ್ಲು ಕಿಲೋ ಲೆಕ್ಕದಲ್ಲಿ ಬರುವುದಿಲ್ಲ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇರುವ ನಮ್ಮಂಥ ಭಾಗದಲ್ಲಿ ಯಂತ್ರಗಳ ಪ್ಯಾಕಿಂಗ್ ಮರ, ಪ್ಯಾಲೆಟ್ಟು ಗುಜರಿಗೆ ಬರುತ್ತದೆ. ಹಗುರ, ಕೊಯ್ಯಲು ಸುಲಭ, ಸಸಿ ಇಡುವ ಪೆಟ್ಟಿಗೆಗೆ ಚೆನ್ನ. ಹೊರದೇಶದಿಂದ ಬಂದದ್ದರ ಮೇಲೆ ಗೋಧಿ ತೆನೆಯಂಥ ಮುದ್ರೆ ಇರುತ್ತದೆ. ಅದರ ಪಕ್ಕ ‘ಎಚ್‌ಟಿ’ ಅಂತಿದ್ದರೆ ಬಿಸಿ ಮಾಡಿ ಹುಳ ಕೊಂದದ್ದು, ತರಬಹುದು. ‘ಎಂಬಿ’ ಅಂತಿದ್ದರೆ ಮಿಥೈಲ್ ಬ್ರೋಮೈಡ್ ವಿಷಾನಿಲ ಹಾಯಿಸಿದ್ದು, ಅಲ್ಲೇ ಬಿಡಿ.

ಕಲ್ಲಿನ ವಿಷಯಕ್ಕೆ ಬಂದರೆ, ಟೈಲ್ಸ್ ಹಾಕಿಸುವವರು ಕಿತ್ತೆಸೆದ ಶಹಾಬಾದ್, ಕಡಪ ಕಲ್ಲಿನಂಥ ಲಾಭದ ಸಾಮಾನು ಇನ್ನೊಂದಿಲ್ಲ. ಕೇಳಿದರೆ ಪುಕ್ಕಟೆ ಕೊಡುತ್ತಾರೆ, ಸಾಗಿಸುವ ಖರ್ಚು ಮಾತ್ರ ನಿಮ್ಮದು. ಕೆತ್ತನೆ ಇರುವ ಕಲ್ಲನ್ನು ಮಾತ್ರ ಯಾರು ಕೊಟ್ಟರೂ ಮುಟ್ಟಬಾರದು. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. 2019ರಲ್ಲಿ ಅಲ್ಲಿ ಕಂಬ ಉರುಳಿಸಿ ವಿಡಿಯೊ ಮಾಡಿಕೊಂಡ ಹುಡುಗರಿಗೆ ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಅವರ ಕೈಯಿಂದಲೇ ಕಂಬ ನಿಲ್ಲಿಸಿತು. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಶಿಲ್ಪ, ಕೆತ್ತನೆಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಇದರಲ್ಲಿ ಒಂದು ತಮಾಷೆಯೂ ಇದೆ: ಕೆತ್ತಿದ ಗೊಂಬೆಯ ಬೆಲೆ ಏರಿಸಲು ‘ನೂರೈವತ್ತು ವರ್ಷದ್ದು ಸಾರ್’ ಅನ್ನುವವನಿಗೆ, ಹಾಗಾದರೆ ಲೈಸೆನ್ಸ್ ತೋರಿಸಪ್ಪ ಅಂದು ನೋಡಿ. ಗೊಂಬೆಗೆ ತಕ್ಷಣ ಎಪ್ಪತ್ತು ವರ್ಷ ವಯಸ್ಸು ಇಳಿಯುತ್ತದೆ.

ಚೌಕಾಸಿ ಮಾಡದ ಜಾಗವೂ ಒಂದಿದೆ. ಹಳೆ ಸೀರೆ, ಪಂಚೆಗಳ ಕೌದಿ ಉತ್ತರ ಕರ್ನಾಟಕದ ಮನೆಮನೆಯ ವಸ್ತು. ಬಟ್ಟೆ ನಮ್ಮದೇ, ದಾರದ ಖರ್ಚು ಪುಡಿಗಾಸು, ಕೊಡುವ ದುಡ್ಡೆಲ್ಲ ಹೊಲಿಗೆಗೆ. ಬಳ್ಳಾರಿಯ ಜೀನ್ಸ್ ಘಟಕಗಳ ಕತ್ತರಿ ಚೂರು ಸಿಕ್ಕರೆ ಕೂರುವ ಚಾಪೆಗೆ ದಪ್ಪನೆಯ ಕೌದಿ ಆಗುತ್ತದೆ, ಸೂಜಿ ಓಡಿಸುವುದು ಮಾತ್ರ ಕಷ್ಟ, ಕೂಲಿ ಹೆಚ್ಚು. ಆನೆಗೊಂದಿಯಲ್ಲಿ ಗೊನೆ ಕಡಿದ ಬಾಳೆದಿಂಡಿನ ನಾರಿನಿಂದ ಹೆಣೆದ ಬುಟ್ಟಿ, ಸಂಡೂರಿನ ಲಂಬಾಣಿ ಕಸೂತಿ, ಇವೂ ಹಾಗೇ. ಸಂಡೂರಿನ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಆದರೂ ಸಾವಿರ ರೂಪಾಯಿಯ ತುಂಡಿಗೆ ಆರುನೂರು ಅನ್ನುವವರಿಗೆ ಬರವಿಲ್ಲ. ತೊಲೆಯ ಬೆಲೆ ಇಳಿಸಿದರೆ ಹೋಗುವುದು ಗುಜರಿಯವನ ಲಾಭ. ಕಸೂತಿಯ ಬೆಲೆ ಇಳಿಸಿದರೆ ಹೋಗುವುದು ಒಬ್ಬಳ ದಿನಗೂಲಿ.

ಬಂಡಿಗಾಲಿಯನ್ನು ನಾನು ಮನೆಗೆ ತಂದಿಲ್ಲ, ತರುವುದೂ ಇಲ್ಲ. ಎತ್ತಿನಗಾಡಿಗಳು ಟೈರಿಗೆ ಬದಲಾದ ಮೇಲೆ ಮರದ ಗಾಲಿಗಳೆಲ್ಲ ರೆಸಾರ್ಟಿನ ಗೋಡೆ ಏರಿದವು, ಬೆಲೆಯೂ ಏರಿತು. ಗೋಡೆಗೆ ಹೊರೆ, ಧೂಳಿಗೆ ಮನೆ. ಅದರಲ್ಲಿ ಏನೂ ಇಡಲು ಬಾರದು, ಕೂರಲು ಬಾರದು. ಹಳೆಯದನ್ನು ತಂದರೆ ಅದಕ್ಕೆ ಮನೆಯಲ್ಲಿ ಒಂದು ಕೆಲಸ ಇರಬೇಕು. ಹಲಗೆಗೆ ಪುಸ್ತಕ ಹೊರುವ ಕೆಲಸ, ಕೊಳಗಕ್ಕೆ ಈರುಳ್ಳಿ ಹಿಡಿಯುವ ಕೆಲಸ, ಆಲೆಮನೆಯಲ್ಲಿ ಸವೆದ ಕೊಪ್ಪರಿಗೆಗೆ ತಾವರೆ ಬೆಳೆಸುವ ಕೆಲಸ.

ಕೊಳ್ಳಲು ಹೊರಟವರಿಗೆ ಕಾಲದ ಮಾತೊಂದು. ನಮ್ಮಲ್ಲಿ ಮನೆ ಕೆಡಹುವುದು ಹೆಚ್ಚಾಗಿ ಯುಗಾದಿಯಿಂದ ಮಳೆ ಹಿಡಿಯುವ ತನಕ. ಏಪ್ರಿಲ್, ಮೇನಲ್ಲಿ ಗುಜರಿ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ವ್ಯಾಪಾರಿಗೂ ಕರಗಿಸುವ ಆತುರ, ಹೇಳಿದ್ದಕ್ಕಿಂತ ಕಾಲುಭಾಗ ಇಳಿಸುತ್ತಾನೆ. ಹೊಸಪೇಟೆಯ ಆ ಬಿಸಿಲಲ್ಲಿ ಕಟ್ಟಿಗೆ ಒಣಗಿ ಗರಿಗರಿ ಆಗಿರುತ್ತದೆ, ತೂಕ ಕಡಿಮೆ. ಜುಲೈಯಲ್ಲಿ ಹೋದರೆ ಅದೇ ತೊಲೆ ಮಳೆಯಲ್ಲಿ ನೆನೆದು ಕೂತಿರುತ್ತದೆ, ತಕ್ಕಡಿ ನೀರನ್ನೂ ಮರವೆಂದೇ ತೂಗುತ್ತದೆ.