ಫಿಟ್‌ನೆಸ್ ಸರ್ಟಿಫಿಕೇಟ್ ಕಾನೂನಿನದು, ಡ್ರಗ್ ಟೆಸ್ಟ್ ಮಾಲೀಕನದು

ಚೇವೆಳ್ಳ, ತಾಂಡೂರು ದಾರಿಯ ಬಸ್ಸುಗಳಿಂದ ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಇಳಿಯುವ ಹುಡುಗರಲ್ಲಿ ಸೇಡಂ, ಚಿಂಚೋಳಿ ಕಡೆಯ ನಮ್ಮವರೂ ಇರುತ್ತಾರೆ. ಟೋಲಿಚೌಕಿಯವರೆಗೂ ರಸ್ತೆಗೆ ಹಚ್ಚಿಕೊಂಡಿರುವ ಬರ್ಗರ್, ಫ್ರೈಡ್ ಚಿಕನ್, ಬಿರಿಯಾನಿ ಅಂಗಡಿಗಳಲ್ಲಿ ಕೆಲಸ ಬೇಗ ಸಿಗುತ್ತದೆ ಎಂದು ಊರಲ್ಲಿ ಯಾರೋ ಹೇಳಿರುತ್ತಾರೆ. ಅವರಲ್ಲಿ ಕೆಲವರು ಕೆಲಸಕ್ಕೆ ಸೇರುವ ಮೊದಲೇ ಕೆಲಸ ಕಳೆದುಕೊಂಡು ವಕೀಲರ ಬಾಗಿಲಿಗೆ ಬರುತ್ತಾರೆ. ಮೂತ್ರ ಪರೀಕ್ಷೆಯಲ್ಲಿ ‘ಪಾಸಿಟಿವ್’ ಬಂತಂತೆ. ವರದಿ ಎಲ್ಲಿ ಎಂದರೆ, ಕೈಗೆ ಕೊಡಲಿಲ್ಲ. ಏನಾದರೂ ಬರೆದುಕೊಟ್ಟಿರಾ ಎಂದರೆ ತಲೆ ತಗ್ಗಿಸುತ್ತಾರೆ. ಕೈತಪ್ಪಿದ ಕೆಲಸಕ್ಕಿಂತ ಹೆಚ್ಚು ನಷ್ಟವಾಗಿರುವುದು ಆ ಬರೆದುಕೊಟ್ಟ ಕಾಗದದಿಂದ. ಅದರ ಮಾತಿಗೆ ಬರುತ್ತೇನೆ.

ಮೊದಲು ಎರಡು ಪರೀಕ್ಷೆಗಳನ್ನು ಮನಸ್ಸಿನಲ್ಲಿ ಬೇರೆ ಮಾಡಿಕೊಳ್ಳಿ. ಅಡುಗೆಮನೆಯಲ್ಲಿ, ಕೌಂಟರಿನಲ್ಲಿ ಆಹಾರ ಮುಟ್ಟುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಇದು ಕಾನೂನು. 2006ರ ಆಹಾರ ಸುರಕ್ಷತೆ ಕಾಯ್ದೆಯಡಿ 2011ರಲ್ಲಿ ಬಂದ ಲೈಸೆನ್ಸ್ ನಿಯಮಗಳ 4ನೇ ಅನುಸೂಚಿ ಇದನ್ನು ಹೇಳುತ್ತದೆ. ಸರ್ಟಿಫಿಕೇಟಿನ ನಮೂನೆಯೂ ನಿಗದಿಯಾಗಿದೆ: ದೇಹದ ತಪಾಸಣೆ, ಕಣ್ಣು, ಚರ್ಮ, ಟೈಫಾಯ್ಡ್‌ನಂಥ ಕರುಳಿನ ರೋಗಗಳಿಗೆ ಲಸಿಕೆ, ಸಾಂಕ್ರಾಮಿಕ ರೋಗದ ಸಂಶಯವಿದ್ದರೆ ಅದಕ್ಕೆ ಬೇಕಾದ ಪರೀಕ್ಷೆ. ನೋಂದಾಯಿತ ವೈದ್ಯರ ಸಹಿ, ಮೊಹರು ಇರಬೇಕು. ಇದರಲ್ಲಿ ಎಲ್ಲಿಯೂ ಗಾಂಜಾ ಇಲ್ಲ, ಅಫೀಮು ಇಲ್ಲ, ಡ್ರಗ್ ಟೆಸ್ಟ್ ಎಂಬ ಪದವೇ ಇಲ್ಲ. ತಪಾಸಣೆಯ ವ್ಯವಸ್ಥೆ ಮಾಡುವ ಹೊಣೆಯೂ ಅಂಗಡಿ ನಡೆಸುವವನದು, ನಿಮ್ಮದಲ್ಲ.

ಡ್ರಗ್ ಟೆಸ್ಟ್ ಮಾಲೀಕನ ಇಚ್ಛೆ. ಹೋಟೆಲು ಕೆಲಸಕ್ಕೆ ಅದನ್ನು ಮಾಡಲೇಬೇಕೆಂದು ಈ ದೇಶದಲ್ಲಿ ಕಾನೂನಿಲ್ಲ, ಮಾಡಲೇಬಾರದೆಂದೂ ಇಲ್ಲ. ‘ಸರಕಾರದ ರೂಲು, ಫುಡ್ ಲೈಸೆನ್ಸಿಗೆ ಬೇಕು’ ಎಂದು ಏಜೆಂಟ್ ಹೇಳಿದರೆ ಅದು ಸುಳ್ಳು. ಅಮೆರಿಕದಲ್ಲಿರುವ ಬಂಧುಗಳು ಇದು ಎಲ್ಲ ಕಡೆ ಇದ್ದದ್ದೇ ಎನ್ನಬಹುದು. ಅಲ್ಲಿಯೂ ಈಗ ಕಟ್ಟು ಸಡಿಲವಾಗುತ್ತಿದೆ. ಗಾಂಜಾ ಎಂದೋ ಸೇದಿದ ಕುರುಹು ಮಾತ್ರ ಮೂತ್ರದಲ್ಲಿದೆ ಎಂದು ಕೆಲಸ ನಿರಾಕರಿಸುವುದನ್ನು ಕ್ಯಾಲಿಫೋರ್ನಿಯಾ 2024ರ ಜನವರಿಯಿಂದ, ಕೆಲವು ವೃತ್ತಿಗಳನ್ನು ಬಿಟ್ಟು, ತಡೆದಿದೆ.

2024ರಲ್ಲಿ ತೆಲಂಗಾಣದ ಆಹಾರ ಸುರಕ್ಷತಾ ಕಾರ್ಯಪಡೆ ಹೈದರಾಬಾದಿನ ಹೋಟೆಲುಗಳಲ್ಲಿ ಸಾಲಾಗಿ ತಪಾಸಣೆ ನಡೆಸಿದಾಗ, ಕೆಲಸಗಾರರ ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲ ಎಂಬ ಮಾತು ವರದಿಗಳಲ್ಲಿ ಮತ್ತೆ ಮತ್ತೆ ಬಂತು. ಬರಲೇಬೇಕಿತ್ತು. ಆದರೆ ಆ ಸರ್ಟಿಫಿಕೇಟ್ ಮುಖ ನೋಡದೆ ಸಹಿಯಾಗಿ ಬಂದದ್ದೋ ಎಂದು ವಿಚಾರಿಸುವ ಅಧಿಕಾರಿ ಅಪರೂಪ. ಕಡತದಲ್ಲಿ ಕಾಗದವಿದ್ದರೆ ಅವರಿಗೆ ಸಾಕು. ಈ ಉದಾಸೀನದಿಂದಲೇ ಮಧ್ಯವರ್ತಿಯ ವ್ಯಾಪಾರ ಬೆಳೆಯುತ್ತದೆ: ‘ಮೆಡಿಕಲ್, ಡ್ರಗ್ ಟೆಸ್ಟ್, ಯೂನಿಫಾರಂ, ಎಲ್ಲಾ ಸೇರಿ ಇಷ್ಟು ಕೊಡು.’ ನೇಮಕಾತಿ ಪತ್ರ ಕೈಗೆ ಬರುವ ಮೊದಲು ಒಂದು ರೂಪಾಯಿಯನ್ನೂ ಕೊಡಬೇಡಿ. ಆಗಲೇ ಫೋನ್‌ಪೇ ಮಾಡಿದ್ದರೆ ಸ್ಕ್ರೀನ್‌ಶಾಟ್ ಅಳಿಸಬೇಡಿ. ದೂರಿಗೆ ಅದೇ ಆಧಾರ. ನಗದು ಕೊಟ್ಟಿದ್ದರೆ ಕಷ್ಟ, ಆದರೂ ಅವನ ವಾಟ್ಸಾಪ್ ಸಂದೇಶಗಳು ಕೆಲಸಕ್ಕೆ ಬರುತ್ತವೆ.

ಹಾಗಾದರೆ ಟೆಸ್ಟ್ ಬೇಡ ಎನ್ನಬಹುದೇ? ಅನ್ನಬಹುದು. ನಿಮ್ಮ ಒಪ್ಪಿಗೆಯಿಲ್ಲದೆ ಯಾವ ಮ್ಯಾನೇಜರೂ ನಿಮ್ಮ ಮೂತ್ರ, ರಕ್ತ ತೆಗೆಸುವಂತಿಲ್ಲ. ಆದರೆ ಬೇಡ ಎಂದವರಿಗೆ ಅವರೂ ಕೆಲಸ ಬೇಡ ಎನ್ನಬಹುದು, ಅದಕ್ಕೆ ಕೋರ್ಟಿನಲ್ಲಿ ಸುಲಭದ ಮದ್ದಿಲ್ಲ. 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪನ್ನು ಹಿಡಿದು ಬರ್ಗರ್ ಅಂಗಡಿಯ ಬಾಗಿಲಲ್ಲಿ ನಾಳೆಯೇ ಕೆಲಸ ಗೆಲ್ಲಬಹುದು ಎಂದು ನಾನು ಹೇಳಿದರೆ ನಿಮಗೆ ಮೋಸ ಮಾಡಿದಂತೆ.

ಒಂದು ಪರೀಕ್ಷೆಗೆ ಮಾತ್ರ ಸ್ಪಷ್ಟ ನಿಷೇಧವಿದೆ: ಎಚ್‌ಐವಿ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಹಾಕುವಂತಿಲ್ಲ. ರಕ್ತ ಕೊಡುವಾಗ ಲ್ಯಾಬಿನ ಚೀಟಿಯಲ್ಲಿ ಯಾವ ಯಾವ ಟೆಸ್ಟಿಗೆ ಗುರುತು ಹಾಕಿದ್ದಾರೆ ಎಂದು ಓದಿಸಿಕೊಳ್ಳಿ.

ಡ್ರಗ್ ಟೆಸ್ಟಿಗೆ ಒಪ್ಪಿದಿರಿ ಎಂದುಕೊಳ್ಳೋಣ. ಸಾಮಾನ್ಯವಾಗಿ ಬಳಸುವುದು ಮೂತ್ರದಲ್ಲಿ ಅದ್ದುವ ಅಗ್ಗದ ಪಟ್ಟಿ, ಇಲ್ಲವೇ ಅದನ್ನೇ ಕೂರಿಸಿದ ಕಪ್ಪು. ಅದು ಸಂಶಯ ಹುಟ್ಟಿಸುವ ಸಾಧನ, ಸಾಬೀತು ಮಾಡುವುದಲ್ಲ. ಗಸಗಸೆ ಪಾಯಸ ಉಂಡವರ ಮೂತ್ರದಲ್ಲೂ ಅಫೀಮಿನ ವರ್ಗದ ಅಂಶ ಕಾಣಬಹುದು. ಈ ಕಾರಣಕ್ಕೇ ಅಮೆರಿಕದ ಕೇಂದ್ರ ಸರಕಾರ ಅದರ ಮಿತಿಯನ್ನು 1998ರಲ್ಲಿ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿತು. ಕೋಡೀನ್ ಇರುವ ಕೆಮ್ಮಿನ ಸಿರಪ್ ಕುಡಿದರೂ ಹಾಗೇ. ಕೆಲವು ನೆಗಡಿ ಮಾತ್ರೆಗಳು ಆಂಫೆಟಮಿನ್ ಎಂದು ತೋರಿಸುತ್ತವೆ. ನಿದ್ದೆಗೆಂದು ಡಾಕ್ಟರು ಕೊಟ್ಟ ಆಲ್‌ಪ್ರಜೋಲಾಂ ಇನ್ನೊಂದು ಗೆರೆಯಲ್ಲಿ ಸಿಕ್ಕಿಬೀಳುತ್ತದೆ. ಹೈದರಾಬಾದಿನಲ್ಲಿ ಇದಕ್ಕೆ ಮತ್ತೊಂದು ದಾರಿಯಿದೆ, ಕಳ್ಳು. ಇಲ್ಲಿ ಕಳ್ಳಿಗೆ ಆಲ್‌ಪ್ರಜೋಲಾಂ ಬೆರೆಸುವ ದಂಧೆ ಹಳೆಯದು. 2025ರ ಜುಲೈಯಲ್ಲಿ ಕೂಕಟ್‌ಪಲ್ಲಿ ಕಡೆ ಕಲಬೆರಕೆ ಕಳ್ಳು ಕುಡಿದು ಹಲವರು ಸತ್ತರು. ಭಾನುವಾರ ಕಳ್ಳು ಕಾಂಪೌಂಡಿಗೆ ಹೋಗಿಬಂದ ಹುಡುಗನಿಗೆ ತಾನು ಏನು ಕುಡಿದೆ ಎಂಬುದು ಗೊತ್ತಿರುವುದಿಲ್ಲ, ಸೋಮವಾರದ ಪಟ್ಟಿ ಅವನನ್ನು ವ್ಯಸನಿ ಎನ್ನುತ್ತದೆ. ಜಾತ್ರೆಯ ಭಂಗಿಯದೂ ತೊಡಕೇ: ಬರೀ ಎಲೆಯದಾದರೆ ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ ‘ಗಾಂಜಾ’ ವ್ಯಾಖ್ಯೆಯೊಳಗೆ ಅದು ಬರುವುದಿಲ್ಲ, ಆದರೆ ಪಟ್ಟಿಗೆ ಆ ಭೇದ ತಿಳಿಯದು. ದಿನಾ ಸೇದುವವರಲ್ಲಿ ಗಾಂಜಾದ ಕುರುಹು ಬಿಟ್ಟ ಮೇಲೂ ವಾರಗಟ್ಟಲೆ ಉಳಿಯುತ್ತದೆ. ಇಂದು ಅವನು ಅಮಲಿನಲ್ಲಿದ್ದಾನೆಯೇ ಎಂಬುದನ್ನು ಆ ಗೆರೆ ಹೇಳಲಾರದು.

ಆದ್ದರಿಂದ ಮಾದರಿ ಕೊಡುವ ಮೊದಲೇ, ತೆಗೆದುಕೊಳ್ಳುತ್ತಿರುವ ಮಾತ್ರೆ, ಸಿರಪ್‌ಗಳ ಹೆಸರನ್ನು ಫಾರಮ್ಮಿನಲ್ಲಿ ಬರೆಸಿ, ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲೂ ಒಂದು ಎಚ್ಚರಿಕೆ: ರೋಗದ ವಿವರ ಲ್ಯಾಬಿನ ಡಾಕ್ಟರಿಗೆ ಸಾಕು, ಮ್ಯಾನೇಜರಿಗೆ ಬೇಕಿಲ್ಲ. ಪಾಸಿಟಿವ್ ಎಂದರೆ ಎರಡು ಕೇಳಿ. ಒಂದು, ವರದಿಯ ಪ್ರತಿ. ‘ಕಂಪನಿಗೆ ಮಾತ್ರ ಕೊಡ್ತೀವಿ’ ಎಂದು ಲ್ಯಾಬಿನವರು ಗದರುತ್ತಾರೆ. ಬಾಯಿಮಾತು ಬಿಟ್ಟು ಲಿಖಿತವಾಗಿ ಕೇಳಿ. ವೈದ್ಯಕೀಯ ದಾಖಲೆ ಕೇಳಿದ ರೋಗಿಗೆ ವೈದ್ಯರು 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ವೃತ್ತಿ ನಿಯಮಾವಳಿ ಹೇಳುತ್ತದೆ. ನೀವು ರೋಗಿಯಲ್ಲ, ಅಭ್ಯರ್ಥಿ ಎಂಬ ತಕರಾರು ಬರಬಹುದು. ಬಂದರೂ ನೀವು ಕೇಳಿದ ಪತ್ರ ದಾಖಲೆಯಾಗಿ ಉಳಿಯುತ್ತದೆ. ಎರಡು, ಅದೇ ಮಾದರಿಯನ್ನು ಮಾಸ್ ಸ್ಪೆಕ್ಟ್ರೋಮೆಟ್ರಿ ಯಂತ್ರದಲ್ಲಿ ಮರುಪರೀಕ್ಷೆ ಮಾಡಿಸುವುದು. ಖರ್ಚು ಹೆಚ್ಚು, ಚಿಕ್ಕ ಲ್ಯಾಬುಗಳಲ್ಲಿ ಸೌಲಭ್ಯವಿಲ್ಲ. ಖರ್ಚಿಗೆ ಅವರು ಒಪ್ಪದಿದ್ದರೆ, ‘ಮರುಪರೀಕ್ಷೆ ಕೇಳಿದೆ, ಮಾಡಲಿಲ್ಲ’ ಎಂದು ಅದೇ ದಿನ ಮ್ಯಾನೇಜರಿಗೆ ವಾಟ್ಸಾಪ್ ಮಾಡಿ. ಬೇರೆಯವರ ಮೂತ್ರ ಕೊಡುವ ಉಪಾಯ ಹೇಳುವ ಗೆಳೆಯನ ಮಾತು ಮಾತ್ರ ಕೇಳಬೇಡಿ. ಸಿಕ್ಕಿಬಿದ್ದರೆ ಅದು ವಂಚನೆಯ ದೂರಾಗುತ್ತದೆ.

ಈಗ ಆ ಕಾಗದ. ಪಾಸಿಟಿವ್ ಬಂದವನನ್ನು ಒಳಗೆ ಕೂರಿಸಿ, ಮಾರ್ಕ್ಸ್‌ಕಾರ್ಡ್ ಮತ್ತು ಆಧಾರ್ ಮೇಜಿನ ಆಚೆ ಇಟ್ಟುಕೊಂಡು ಹೇಳುತ್ತಾರೆ: ‘ಪೊಲೀಸಿಗೆ ಹೇಳಲ್ಲ, ಇದರಲ್ಲಿ ಸಹಿ ಮಾಡಿ ಹೋಗು.’ ಹಾಳೆ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಇರುತ್ತದೆ. ಒಳಗಿರುವುದು: ನಾನು ಮಾದಕ ವಸ್ತು ಸೇವಿಸಿದ್ದೇನೆ, ಸ್ವಇಚ್ಛೆಯಿಂದ ಕೆಲಸ ಬಿಡುತ್ತೇನೆ, ನನಗೆ ಬರಬೇಕಾದ ಬಾಕಿ ಏನೂ ಇಲ್ಲ. ಹುಡುಗ ಹೆದರಿ ಸಹಿ ಹಾಕುತ್ತಾನೆ. ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಪ್ರಕಾರ ಸೇವನೆಯೂ ಅಪರಾಧ. ಕೊಕೇನ್, ಹೆರಾಯಿನ್‌ನಂಥವಕ್ಕೆ ಒಂದು ವರ್ಷದವರೆಗೆ, ಉಳಿದವಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದನ್ನು ತಡೆಯುತ್ತದೆ. ಮ್ಯಾನೇಜರಿಗೆ ಬರೆದುಕೊಟ್ಟ ಪತ್ರಕ್ಕೆ ಆ ಕಲಂನ ರಕ್ಷಣೆ ಇಲ್ಲ. ಪೊಲೀಸರಿಗೆ ಹೆದರಿ ನೀವು ಕೊಟ್ಟದ್ದು ಪೊಲೀಸರಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಅಪಾಯದ ಕಾಗದ. ಕೋರ್ಟುಗಳು ಇಂಥದನ್ನು ದುರ್ಬಲ ಸಾಕ್ಷ್ಯವೆಂದೇ ನೋಡುತ್ತವೆ, ನಿಜ. ಆದರೆ ಹೆದರಿಸಿ ಬರೆಸಿಕೊಂಡರು ಎಂದು ನಂಬಿಸುವಷ್ಟರಲ್ಲಿ ವರ್ಷಗಳು ಹೋಗುತ್ತವೆ. ಅದಕ್ಕೂ ಮೊದಲು ಆ ಹಾಳೆಯ ಫೋಟೋ ಬೇರೆ ಅಂಗಡಿಗಳ ಮ್ಯಾನೇಜರುಗಳ ಫೋನಿಗೆ ತಲುಪಿರುತ್ತದೆ.

‘ಟ್ರಯಲ್’ ಎಂದು ದುಡಿಸಿಕೊಂಡ ದಿನಗಳ ಕೂಲಿಯನ್ನೂ ಆ ಕೊನೆಯ ಸಾಲು ನುಂಗುತ್ತದೆ. ಟ್ರಯಲ್ ದಿನಕ್ಕೆ ಕೂಲಿ ಇಲ್ಲ ಎಂಬ ನಿಯಮ ಎಲ್ಲಿಯೂ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸದಿಂದ ತೆಗೆದವರಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ಕೊಡಬೇಕು.

ಮೂಲ ಮಾರ್ಕ್ಸ್‌ಕಾರ್ಡನ್ನು ಯಾರಿಗೂ ಕೊಡಬೇಡಿ, ತೋರಿಸಿ ಜೆರಾಕ್ಸ್ ಕೊಡಿ. ಕೊಟ್ಟಾಗಿದ್ದರೆ, ಹಿಂತಿರುಗಿಸಲು ಸಹಿಯ ಷರತ್ತು ಹಾಕುವ ಹಕ್ಕು ಯಾರಿಗೂ ಇಲ್ಲ. ಸಹಿ ಆಗಿಹೋಗಿದ್ದರೆ ಅಂದೇ, ಹೆಚ್ಚೆಂದರೆ ಮಾರನೆಯ ದಿನ, ‘ಕಾಗದಪತ್ರ ತಡೆದು, ಪೊಲೀಸರ ಹೆಸರು ಹೇಳಿ ಹೆದರಿಸಿ ಸಹಿ ಪಡೆದಿದ್ದೀರಿ, ಅದರಲ್ಲಿರುವುದು ನನ್ನ ಮಾತಲ್ಲ’ ಎಂದು ನಾಲ್ಕು ಸಾಲು ಬರೆದು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ತಿಂಗಳು ಕಳೆದು ಬರೆದರೆ ಅದರ ತೂಕ ಕಡಿಮೆ.

ನಿಜಕ್ಕೂ ಚಟವಿದ್ದವರಿಗೆ ಬೇರೆ ಮಾತು. ವ್ಯಸನಿಯೊಬ್ಬ ತಾನಾಗಿ ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ, 27ನೇ ಕಲಂನ ಮೊಕದ್ದಮೆಯಿಂದ ಅದೇ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಎರ್ರಗಡ್ಡದ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಮೆಹದಿಪಟ್ಟಣಂನಿಂದ ದೂರವಿಲ್ಲ. ವ್ಯಸನಮುಕ್ತಿ ಸಹಾಯವಾಣಿ 14446.

ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ಮನಾಗಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಉಳಿದವರಿಗೆ ಆದಾಯದ ಮಿತಿಯೊಳಗಿದ್ದರೆ ಸಿಗುತ್ತದೆ. ಪುರಾನಿ ಹವೇಲಿಯ ಸಿಟಿ ಸಿವಿಲ್ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ, ಕರೆ ಉಚಿತ. ಬಾಗಿಲಲ್ಲಿ ಯಾರಾದರೂ ‘ಅರ್ಜಿ ನಾನು ಹಾಕಿಸ್ತೀನಿ, ಇಷ್ಟು ಕೊಡಿ’ ಎಂದರೆ ಅವರನ್ನು ದಾಟಿ ಒಳಗೆ ಹೋಗಿ. ಅರ್ಜಿಗೆ ಶುಲ್ಕವಿಲ್ಲ.