ಔಷಧ ಸಿಂಪಡಿಸುವ ಆಳಿನ ಆರೋಗ್ಯ

2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ರೈತರೂ ಕೂಲಿಗಳೂ ವಿಷವೇರಿ ತೀರಿಕೊಂಡರು. ವಿಷವು ಬಾಯಿಂದಲೇ ಹೋಗಬೇಕೆಂದಿಲ್ಲ. ಉಸಿರಿನಿಂದಲೂ ಬೆವೆತ ಚರ್ಮದಿಂದಲೂ ಮೈಗಿಳಿಯುತ್ತದೆ. ಮೂಗಿಗೆ ವಸ್ತ್ರ ಕಟ್ಟಿದರೆ ಸಾಲದು.

ಆದ್ದರಿಂದ ಆಳನ್ನು ಕರೆಯುವ ಹೊಲದೊಡೆಯನು ಪಂಪಿನೊಡನೆ ತುಂಬುತೋಳಿನ ಅಂಗಿ, ರಬ್ಬರಿನ ಕೈಗವಸು, ಕೊಡ ನೀರು, ಸಾಬೂನುಗಳನ್ನೂ ಒದಗಿಸಬೇಕು. ಡಬ್ಬಿಯ ಚೀಟಿ ಆಳಿಗೆ ತಿಳಿಯದ ಭಾಷೆಯಲ್ಲಿದ್ದರೆ ಓದಿ ಹೇಳಬೇಕು. ಗಾಳಿಗೆದುರಾಗಿ ಸಿಂಪಡಿಸಕೂಡದು. ಪಂಪಿನ ಮೂತಿ ಕಟ್ಟಿಕೊಂಡರೆ ಬಾಯಿಂದ ಊದುವವರನ್ನು ಕಂಡರೆ ಎದೆ ನಡುಗುತ್ತದೆ! ನೀರಲ್ಲದ್ದಿ ಹುಲ್ಲುಕಡ್ಡಿಯಿಂದ ಬಿಡಿಸಿರಿ.

ಆಳಿಗೆ ಜೊಲ್ಲು ಸುರಿದು, ಕಣ್ಣು ಮಂಜಾಗಿ, ತಲೆ ತಿರುಗಿದರೆ ಬಿಸಿಲಿನ ಝಳವೆಂದು ನೆರಳಲ್ಲಿ ಮಲಗಿಸಿ ಸುಮ್ಮನಿರಬೇಡಿರಿ. ಔಷಧ ತಾಗಿದ ಬಟ್ಟೆ ಕಳಚಿ, ಮೈಯನ್ನು ಸಾಬೂನಿನಿಂದ ತೊಳೆದು, ಡಬ್ಬಿಯ ಸಮೇತ ಆಸ್ಪತ್ರೆಗೆ ಸಾಗಿಸಿರಿ. ಯಾವ ವಿಷವೆಂದು ಗೊತ್ತಾದರೆ ವೈದ್ಯರಿಗೆ ಮದ್ದು ಕೊಡಲು ತಡವಾಗುವುದಿಲ್ಲ.